ನೇರ ರಕ್ತನಾಳಕ್ಕೇ ಕೀಮೋ ಬಿಡ್ತಾರಂತೆ, ನಮ್ ದೊಡ್ಡಮ್ಮಂಗೆ ಯಾಕೆ ಬೇಡ ಅಂದ್ರು

ದೊಡ್ಡಮ್ಮಂಗೆ ಕೆನ್ನೆ ಒಳಗೆ ಕ್ಯಾನ್ಸರ್ ಅಂತ ಬಯಾಪ್ಸಿಲಿ ಬಂದಿದ್ದೇ ತಡ, ನೆಂಟರೆಲ್ಲ ವಾಟ್ಸಾಪಲ್ಲಿ ವಿಡಿಯೋ ಕಳಿಸೋಕೆ ಶುರು ಮಾಡಿದ್ರು, ಅದ್ರಲ್ಲಿ ಒಂದು ಮಾತ್ರ ನನ್ ತಲೇಲಿ ಕೂತ್ಬಿಡ್ತು. ಕೈ ನರಕ್ಕೆ ಹಾಕೋ ಕೀಮೋ ಮೈಗೆಲ್ಲ ಹರಡತ್ತೆ ಅಲ್ವಾ, ಅದ್ರ ಬದ್ಲು ಗಡ್ಡೆಗೆ ರಕ್ತ ಕೊಡೋ ರಕ್ತನಾಳಕ್ಕೇ ಔಷಧಿ ಬಿಡೋದು. ನಮ್ ಕೋಲಾರದವ್ರಿಗೆ ಬೇಗ ಅರ್ಥ ಆಗತ್ತೆ, ಹೊಲಕ್ಕೆಲ್ಲ ನೀರು ಹಾಯಿಸದೆ ಟೊಮೇಟೊ ಬುಡಕ್ಕೇ ಡ್ರಿಪ್ ಬಿಟ್ಟಂಗೆ.

ತೊಡೆ ಸಂದಿ ಹತ್ರ ಸಣ್ಣ ಟ್ಯೂಬ್ ತೂರಿಸಿ, ಆಂಜಿಯೋಗ್ರಾಮ್ ಥರಾನೇ ಎಕ್ಸ್‌ರೇಲಿ ನೋಡ್ಕೊಂಡು ಕತ್ತಿನ ದೊಡ್ಡ ರಕ್ತನಾಳ ಕೆರೋಟಿಡ್ ತನಕ ಹೋಗಿ, ಅಲ್ಲಿಂದ ನಾಲಿಗೆಗೋ ದವಡೆಗೋ ಹೋಗೋ ಕವಲು ಹಿಡೀತಾರೆ. ಜಪಾನಲ್ಲಿ ಕೆಲವು ಕಡೆ ಕಿವಿ ಮುಂದೆ ಮಿಡಿಯೋ ರಕ್ತನಾಳದಿಂದಾನೇ ಹಿಮ್ಮುಖವಾಗಿ ಇಳಿಸ್ತಾರೆ. ಔಷಧಿ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್, ಅದೂ ದೊಡ್ಡ ಡೋಸು. ನಂಗೆ ತುಂಬಾ ಹಿಡಿಸಿದ್ದು ಮುಂದಿನ ಉಪಾಯ: ಅದೇ ಟೈಮಲ್ಲಿ ಇನ್ನೊಂದು ನರಕ್ಕೆ ಸೋಡಿಯಂ ಥಯೋಸಲ್ಫೇಟ್ ಬಿಡ್ತಾರೆ, ಗಡ್ಡೆ ದಾಟಿ ಬಂದ ಸಿಸ್‌ಪ್ಲಾಟಿನ್ನ ಅದು ಹಿಡಿದು ಸುಮ್ನಾಗಿಸತ್ತೆ, ಕಿಡ್ನಿಗೆ ಪೆಟ್ಟು ಕಮ್ಮಿ.

ಇಷ್ಟು ಚೆನ್ನಾಗಿದ್ರೆ ಎಲ್ರಿಗೂ ಯಾಕೆ ಕೊಡಲ್ಲ ಅಂತ ಡಾಕ್ಟ್ರನ್ನೇ ಕೇಳ್ದೆ. ಪಾಪ, ಅಷ್ಟು ಜನ ಕಾಯ್ತಿದ್ರೂ ಕೂರಿಸಿ ಹೇಳಿದ್ರು. ನೆದರ್ಲೆಂಡ್ಸಲ್ಲಿ ಆಪರೇಷನ್ ಮಾಡೋಕಾಗದ 239 ಜನಕ್ಕೆ, ಎಲ್ರಿಗೂ ರೇಡಿಯೇಷನ್ ಜೊತೆ, ಅರ್ಧ ಜನಕ್ಕೆ ರಕ್ತನಾಳದಲ್ಲಿ ಅರ್ಧ ಜನಕ್ಕೆ ಮಾಮೂಲಿ ನರದಲ್ಲಿ ಕೊಟ್ಟು ನೋಡಿದ್ರಂತೆ, 2010ರಲ್ಲಿ ಫಲಿತಾಂಶ ಬಂತು. ಗಡ್ಡೆ ಹತೋಟಿಗೆ ಬರೋದ್ರಲ್ಲೂ ಬದುಕೋದ್ರಲ್ಲೂ ವ್ಯತ್ಯಾಸ ಕಾಣಲಿಲ್ಲ. ಕಿಡ್ನಿ ತೊಂದ್ರೆ ಕಮ್ಮಿ ಇತ್ತು, ಆದ್ರೆ ಮಿದುಳು, ನರಮಂಡಲದ ತೊಂದ್ರೆ ಜಾಸ್ತಿ. ಕತ್ತಿನ ರಕ್ತನಾಳದಲ್ಲೇ ಅಲ್ವಾ ಮಿದುಳಿಗೂ ರಕ್ತ ಹೋಗೋದು, ಟ್ಯೂಬ್ ಓಡಾಡುವಾಗ ಒಂದು ಚೂರು ಹೆಪ್ಪು ಮೇಲಕ್ಕೆ ಹೋದ್ರೆ ಸ್ಟ್ರೋಕು.

"ನೋಡಮ್ಮ, ಕೆನ್ನೆ ಗಡ್ಡೆ ಕತ್ತರಿಸಿ ತೆಗೆಯೋಕಾಗತ್ತೆ ಅಂದ್ರೆ ಅದೇ ಮೊದ್ಲು" ಅಂದ್ರು. ಆಮೇಲೆ ಕರೆಂಟ್, ಅಂದ್ರೆ ರೇಡಿಯೇಷನ್; ಕತ್ತರಿಸಿದ ಅಂಚಲ್ಲಿ ಕ್ಯಾನ್ಸರ್ ಉಳ್ಕೊಂಡಿದ್ರೆ ಅಥವಾ ಕತ್ತಿನ ದುಗ್ಧಗ್ರಂಥಿ ಗಂಟು ದಾಟಿ ಹೊರಗೆ ಬಂದಿದ್ರೆ ಜೊತೆಗೆ ಕೀಮೋ. ಮೂಗಿನ ಪಕ್ಕದ ಸೈನಸ್ಸಲ್ಲಿ ದೊಡ್ಡ ಗಡ್ಡೆ ಇದ್ದು, ತೆಗೆದ್ರೆ ಕಣ್ಣೇ ಹೋಗತ್ತೆ ಅನ್ನೋ ಕೇಸಲ್ಲಿ ಜಪಾನಿನವ್ರು ರಕ್ತನಾಳದ ದಾರಿ ಹಿಡೀತಾರೆ, ಅದಕ್ಕೆ ನುರಿತ ಕೈ ಬೇಕು.

ದೊಡ್ಡಮ್ಮನ ಎಲೆಅಡಿಕೆ ಸಂಚಿ ಈಗ್ಲೂ ಗೋಡೆ ಗೂಟದಲ್ಲೇ ಇದೆ. ಎಲೆ, ಸುಣ್ಣ, ಕಡ್ಡಿಪುಡಿ, ಉಂಡೆ ಮಾಡಿ ಎಡಗೆನ್ನೆಗೆ ಒತ್ಕೊಂಡು ಹಂಗೇ ನಿದ್ದೆ ಹೋಗೋರು, ಗಡ್ಡೆ ಬಂದಿದ್ದೂ ಅದೇ ಜಾಗಕ್ಕೆ. ನಮ್ ಹಳ್ಳಿ ಕಡೆ ಹೆಂಗಸ್ರು ಇದನ್ನ ತಂಬಾಕು ಅಂತ ಎಣಿಸೋದೇ ಇಲ್ಲ, ಬೀಡಿ ಸೇದಲ್ಲ ನಾನು ಅಂತಾರೆ. ಇದು ನನಗೆ ನಿಜವಾಗ್ಲೂ ಹೊಟ್ಟೆ ಉರಿಸೋ ವಿಷ್ಯ.

ನಿಮ್ಮನೇಲಿ ಯಾರಿಗಾದ್ರೂ ಬಾಯಲ್ಲಿ ಹುಣ್ಣು ಎರಡು ವಾರ ಆದ್ರೂ ವಾಸಿಯಾಗ್ದೆ ಇದ್ರೆ, ಬಾಯಿ ಅಗಲ ತೆಗೆಯೋಕೆ ಆಗ್ದೆ ಇದ್ರೆ, ಕೋಲಾರದ ಟಮಕದ ಜಾಲಪ್ಪ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರ್ಕೊಂಡೋಗಿ. ರಕ್ತನಾಳದ ಕೀಮೋ ಬಗ್ಗೆ ಖಂಡಿತ ಕೇಳಿ, ಆದ್ರೆ ಅದು ಎಲ್ಲಿ ಸಿಗತ್ತೆ ಅಂತ ಹುಡುಕ್ತಾ ಆಪರೇಷನ್ ಡೇಟ್ ಮಾತ್ರ ಮುಂದೆ ಹಾಕ್ಬೇಡಿ.