ಕಸಿ ಮಾಡಿದ ನಾಲಿಗೆಗೆ ಸ್ಪರ್ಶ ಬರುತ್ತದೆಯೇ?

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರಿಗೆ ನುಂಗುವುದನ್ನೂ ಮಾತನಾಡುವುದನ್ನೂ ಮತ್ತೆ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಮೂಗಿನ ಕೊಳವೆ ತೆಗೆದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಕೇಳುತ್ತಾರೆ: "ಮೇಡಂ, ನಾಲಿಗೆಯ ಈ ಕಡೆ ಮರಗಟ್ಟಿದಂತಿದೆ. ಸ್ಪರ್ಶ ಯಾವಾಗ ಬರುತ್ತದೆ?"

ಬಹಳ ಮಂದಿಗೆ ಒಂದಿಷ್ಟು ಬರುತ್ತದೆ. ಮೊದಲಿನಷ್ಟು ಬರುವುದಿಲ್ಲ, ಬೇಗ ಬರುವುದೂ ಇಲ್ಲ.

ಗಡ್ಡೆಯ ಜೊತೆಗೆ ನಾಲಿಗೆಯ ಒಂದು ಭಾಗವನ್ನು ತೆಗೆದಾಗ ಅಲ್ಲಿಗೆ ಮುಂಗೈಯ ಅಥವಾ ತೊಡೆಯ ಚರ್ಮವನ್ನು ರಕ್ತನಾಳಗಳ ಸಮೇತ ತಂದು ಹೊಲಿಯುತ್ತಾರೆ. ಮುಂಗೈ ಚರ್ಮದ ಈ ವಿಧಾನವನ್ನು 1981ರಲ್ಲಿ ಚೀನಾದ ವೈದ್ಯರು ಪ್ರಕಟಿಸಿದರು. ರಕ್ತ ಹರಿಯತೊಡಗಿದರೆ ಚರ್ಮ ಬದುಕುತ್ತದೆ, ಆದರೆ ನರ ಕಡಿದುಹೋಗಿರುತ್ತದೆ. ಸುತ್ತಲಿನ ನರದ ಎಳೆಗಳು ಅಂಚಿನಿಂದ ಒಳಕ್ಕೆ, ಬದುವಿನಿಂದ ಗರಿಕೆ ಹಬ್ಬುವ ಹಾಗೆ, ನಿಧಾನವಾಗಿ ಬೆಳೆಯಬೇಕು. ಕಡಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಕಾಯಬೇಕು. ಕೆಲವರಲ್ಲಿ ಒಂದೆರಡು ವರ್ಷಗಳವರೆಗೂ ಸುಧಾರಣೆ ಕಾಣುತ್ತದೆ. ಮುಂಗೈಯ ನರವನ್ನು ನಾಲಿಗೆಯ ನರಕ್ಕೆ ಜೋಡಿಸಿದ್ದರೆ ಫಲ ಹೆಚ್ಚು. ಎದೆಯ ಸ್ನಾಯುವಿನ ದಪ್ಪ ಕಸಿಯಲ್ಲಿ ಕಡಿಮೆ. ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಇನ್ನಷ್ಟು ತಡ.

ರುಚಿಯ ಮಾತು ಬೇರೆ. ಮುಂಗೈಯ ಚರ್ಮದಲ್ಲಿ ರುಚಿಮೊಗ್ಗುಗಳಿಲ್ಲ, ಅಲ್ಲಿ ಅವು ಹುಟ್ಟುವುದೂ ಇಲ್ಲ. ಸಾರಿನ ಹುಳಿ, ಉಪ್ಪು ತಿಳಿಯುವುದು ಉಳಿದ ನಾಲಿಗೆಗೆ.

ಸ್ಪರ್ಶ ಬರುವವರೆಗೆ ಹೇಗಿರಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ದೊಡ್ಡ ಚಿಂತೆ. ಹಿರಿಯರೊಬ್ಬರು ಊಟ ಮುಗಿಯಿತೆಂದು ತಟ್ಟೆ ಸರಿಸಿ ಕುಳಿತಿದ್ದರು. ಟಾರ್ಚ್ ಹಾಕಿ ನೋಡಿದರೆ ಕೆನ್ನೆಗೂ ಒಸಡಿಗೂ ನಡುವೆ ಮೊಸರನ್ನದ ತುತ್ತು ಹಾಗೆಯೇ ಇತ್ತು. "ಮಾವ, ಇನ್ನೂ ಬಾಯಲ್ಲಿದೆ" ಎಂದು ಸೊಸೆ ಹೇಳಿದರೂ ಅವರು ನಂಬಲಿಲ್ಲ. ಕನ್ನಡಿ ಕೊಟ್ಟೆ. ಆಮೇಲೆ ಪ್ರತಿ ಊಟವಾದ ಮೇಲೂ ಅವರೇ ಕನ್ನಡಿ ಕೇಳಿ ಪಡೆದು, ಬೆರಳಾಡಿಸಿ, ಬಾಯಿ ಮುಕ್ಕಳಿಸತೊಡಗಿದರು. ಕಾಫಿಯ ಬಿಸಿಯನ್ನು ಸ್ಪರ್ಶವಿರುವ ಕಡೆಯ ತುಟಿಗೆ ತಾಗಿಸಿ ನೋಡಿಯೇ ಕುಡಿಯಬೇಕು. ಮರಗಟ್ಟಿದ ಕಡೆ ಸುಟ್ಟರೂ ಗೊತ್ತಾಗುವುದಿಲ್ಲ.

ಗಂಟಲಿನ ವಿಷಯ ಇನ್ನೂ ಗಂಭೀರ. ಅಲ್ಲಿ ಸ್ಪರ್ಶವಿಲ್ಲದಿದ್ದರೆ ಅನ್ನ, ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದೆ ಇರಬಹುದು. "ಕೆಮ್ಮುತ್ತಿಲ್ಲವಲ್ಲ, ಚೆನ್ನಾಗಿ ನುಂಗುತ್ತಿದ್ದಾರೆ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಊಟದ ನಂತರ ಧ್ವನಿ ಗೊರಗೊರ ಎನ್ನುತ್ತಿದ್ದರೆ, ಪದೇ ಪದೇ ಜ್ವರ ಬರುತ್ತಿದ್ದರೆ ತಡಮಾಡದೆ ನುಂಗುವ ಪರೀಕ್ಷೆ ಮಾಡಿಸಿ. ಗದ್ದ ತಗ್ಗಿಸಿ ನುಂಗುವಂತಹ ಉಪಾಯಗಳು ಒಬ್ಬರಿಗೆ ಒದಗಿದಂತೆ ಇನ್ನೊಬ್ಬರಿಗೆ ಒದಗುವುದಿಲ್ಲ. ಪರೀಕ್ಷಿಸಿದವರು ಹೇಳಿದ್ದನ್ನಷ್ಟೇ ಮಾಡಿ.

ಇರುವೆ ಹರಿದಂತಾಗುವುದು, ಚುರುಗುಟ್ಟುವುದು ನರ ಚಿಗುರುವಾಗ ಸಾಮಾನ್ಯ. ಆದರೆ ಬಂದಿದ್ದ ಸ್ಪರ್ಶ ಮತ್ತೆ ಹೋದರೆ, ಹೊಸ ನೋವು ಅಥವಾ ಮಾಗದ ಹುಣ್ಣು ಕಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ.