ಮಾಜಿ ಸೈನಿಕರನ್ನು ಗೇಟಿಗಷ್ಟೇ ಕರೆಯಬೇಡಿ

“ಗೇಟಿಗೆ ಒಬ್ಬರು ಮಾಜಿ ಸೈನಿಕರು ಬೇಕಿತ್ತು ಮೇಡಂ, ಯಾರಾದರೂ ಇದ್ದರೆ ಹೇಳಿ.” ಮೈಸೂರು ಕಡೆಯ ಹೆಬ್ಬಾಳ, ಹೂಟಗಳ್ಳಿ, ಕಡಕೊಳದ ಕಾರ್ಖಾನೆಗಳವರು ನನಗೆ ಫೋನ್ ಮಾಡಿ ಹೀಗೆ ಕೇಳುವುದು ಮಾಮೂಲು. ನಾನು ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಸಾಮಗ್ರಿ ತಯಾರಿಸುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಮಾಜಿ ಸೈನಿಕರು ಹಲವರು ಇದ್ದಾರೆಂಬುದು ಸುತ್ತಲಿನವರಿಗೆ ಗೊತ್ತು. ಅವರು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುತ್ತೇನೆ: ಸ್ಟೋರ್ಸಿಗೆ ಬೇಡವೇ? ವಾಹನ ವಿಭಾಗಕ್ಕೆ? ರಾತ್ರಿ ಪಾಳಿಯ ಮೇಲ್ವಿಚಾರಣೆಗೆ? ಅಂಥ ಕೆಲಸಕ್ಕೆ ಅವರನ್ನು ತೆಗೆದುಕೊಳ್ಳುವ ಯೋಚನೆಯೇ ಬಂದಿರಲಿಲ್ಲ ಎಂದು ಬಹಳ ಮಂದಿ ಒಪ್ಪಿಕೊಳ್ಳುತ್ತಾರೆ. ಕಾವಲು ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಹದಿನೇಳು ವರ್ಷ ಸೇನೆಯ ಲಾರಿಗಳನ್ನು ಸುಸ್ಥಿತಿಯಲ್ಲಿ ಇಟ್ಟವರನ್ನು ಕರೆತಂದು, ಬಂದುಹೋಗುವವರ ಹೆಸರು ಬರೆಯಲು ಕೂರಿಸಿದರೆ ನಷ್ಟ ಅವರಿಗಿಂತ ನಮಗೇ ಹೆಚ್ಚು.

ಸೈನಿಕರೆಂದರೆ ಬಂದೂಕು ಹಿಡಿದವರು ಎಂಬ ಒಂದೇ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಪಡೆಗಳಿಗೆ ಪಡಿತರ, ಇಂಧನ ತಲುಪಿಸುವುದೇ ಆರ್ಮಿ ಸರ್ವಿಸ್ ಕೋರ್‌ನ ಕೆಲಸ. ವಾಹನದಿಂದ ಹಿಡಿದು ಶಸ್ತ್ರದವರೆಗೆ ದುರಸ್ತಿ ಮಾಡಲು ಇಎಂಇ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ವಿಭಾಗ ಇದೆ, ಸಂಪರ್ಕ ಜಾಲಕ್ಕೆ ಸಿಗ್ನಲ್ಸ್ ಇದೆ. ಬೆಂಗಳೂರಿನಲ್ಲೇ ನೆಲೆ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ರಸ್ತೆ, ಸೇತುವೆ ಕಟ್ಟುತ್ತಾರೆ. ಕೊಡಗಿನಿಂದ, ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ, ಮಂಡ್ಯದ ಹಳ್ಳಿಗಳಿಂದ ಹದಿನೆಂಟು ಹತ್ತೊಂಬತ್ತನೇ ವಯಸ್ಸಿಗೆ ಸೇರಿದ ಹುಡುಗರು ಇಂಥ ವಿಭಾಗಗಳಲ್ಲಿ ಪಳಗುತ್ತಾರೆ. ಸಿಪಾಯಿಯೊಬ್ಬರಿಗೆ ಪಿಂಚಣಿ ಬರಬೇಕಾದರೆ ಕನಿಷ್ಠ 15 ವರ್ಷದ ಸೇವೆ ಬೇಕು. ಹಾಗಾಗಿ ಬಹುತೇಕರು ಹೊರಗೆ ಬರುವುದು ಮೂವತ್ತೈದರಿಂದ ನಲವತ್ತರ ಆಸುಪಾಸಿನಲ್ಲಿ. ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ಹೀಗೆ ಬರುತ್ತಾರೆ. ಉಳಿದ ನಮ್ಮಂಥವರು ಕೆಲಸದಲ್ಲಿ ಗಟ್ಟಿಯಾಗುವ ವಯಸ್ಸು ಅದು. ಕೇಂದ್ರ ಸರ್ಕಾರ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 10, ‘ಡಿ’ ಗುಂಪಿನಲ್ಲಿ ಶೇ. 20ರಷ್ಟನ್ನು ಅವರಿಗೆ ಮೀಸಲಿಟ್ಟಿದೆ. ಖಾಸಗಿಯವರಿಗೆ ಅಂಥ ಕಟ್ಟುಪಾಡಿಲ್ಲ. ನಾನು ಅವರನ್ನು ಸೇರಿಸಿಕೊಳ್ಳುವುದು ಉಪಕಾರಕ್ಕಾಗಿಯೂ ಅಲ್ಲ. ಕೈಹಿಡಿದ ಕೆಲಸವನ್ನು ಪೂರ್ತಿ ಮಾಡಿ, ಲೆಕ್ಕ ಸಮೇತ ಮುಂದಿನವರಿಗೆ ಒಪ್ಪಿಸುವ ಅಭ್ಯಾಸಕ್ಕಾಗಿ.

ನಮ್ಮ ಸ್ಟೋರ್ಸಿನ ಉದಾಹರಣೆ ಕೊಡುತ್ತೇನೆ. ಹಿಂದಿನ ಉಸ್ತುವಾರಿ ಬೇರೆ ಊರಿಗೆ ಹೋದಾಗ ಆ ಜಾಗಕ್ಕೆ ಸರ್ವಿಸ್ ಕೋರ್‌ನಲ್ಲಿ ಹವಾಲ್ದಾರರಾಗಿದ್ದವರೊಬ್ಬರು ಬಂದರು. ಒಪ್ಪಿಸಿಕೊಂಡ ಪತ್ರಕ್ಕೆ ಸಹಿ ಹಾಕಿ ಎಂದು ಉತ್ಪಾದನಾ ವಿಭಾಗದವರು ಅವಸರಪಡಿಸಿದರೂ ಅವರು ಹಾಕಲಿಲ್ಲ. “ಎಣಿಸದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ ಸರ್” ಎಂದಷ್ಟೇ ಹೇಳಿ, ಒಂದೊಂದು ಕಪಾಟನ್ನೂ ಇಳಿಸಿ, ಬಿನ್ ಕಾರ್ಡಿನಲ್ಲಿ (ಪ್ರತಿ ಸಾಮಾನಿನ ದಾಸ್ತಾನು ಬರೆದಿಡುವ ಚೀಟಿ) ಇರುವುದಕ್ಕೂ ಕಪಾಟಿನಲ್ಲಿ ಇರುವುದಕ್ಕೂ ತಾಳೆ ನೋಡಿದರು. ಅಂಟು ಮತ್ತು ಮುದ್ರಣದ ಇಂಕಿಗೆ ಬಳಕೆಯ ಅವಧಿ ಇರುತ್ತದೆ. ಹೊಸ ಡ್ರಮ್ಮುಗಳು ಮುಂದೆ, ಹಳೆಯವು ಗೋಡೆಗೆ ಒರಗಿ ಹಿಂದೆ ಉಳಿದಿದ್ದವು. ಅವನ್ನೆಲ್ಲ ಮುಂದಕ್ಕೆ ತಂದರು. ಕಂಡ ವ್ಯತ್ಯಾಸಗಳನ್ನು ಬರೆದು, ಹೋಗುವವರಿಂದಲೂ ಸಹಿ ಮಾಡಿಸಿ, ಆಮೇಲೆ ತಾವು ಸಹಿ ಹಾಕಿದರು. ಸೇನೆಯಲ್ಲಿ ಇದಕ್ಕೆ ಹ್ಯಾಂಡಿಂಗ್-ಟೇಕಿಂಗ್ ಎನ್ನುತ್ತಾರೆ. ನಮ್ಮಲ್ಲಿ ಅಂದಿನಿಂದ ಸ್ಟೋರ್ಸಿನ ವಿಷಯದಲ್ಲಿ ಯಾರ ಮೇಲೆ ಯಾರೂ ಗುಮಾನಿ ಪಡುವ ಪ್ರಸಂಗ ಬಂದಿಲ್ಲ. ಈಗ ಪಾಳಿ ಬದಲಾಗುವಾಗ ಯಂತ್ರದ ಮೇಲಿರುವವರೂ ಹೀಗೇ ಒಪ್ಪಿಸುತ್ತಾರೆ: ಯಾವ ರೋಲರ್ ಬಿಸಿಯಾಗುತ್ತಿದೆ, ಯಾವ ಆರ್ಡರ್ ಅರ್ಧಕ್ಕೆ ನಿಂತಿದೆ, ಯಾವ ಬೋಲ್ಟು ಸಡಿಲವಾಗಿದೆ ಎಂಬುದು ಪುಸ್ತಕದಲ್ಲಿ ಬರೆಯದೆ ಯಾರೂ ಮನೆಗೆ ಹೋಗುವುದಿಲ್ಲ.

ವಾಹನಗಳ ವಿಷಯವೂ ಹಾಗೆಯೇ. ಬೆಳಗ್ಗೆ ಗಾಡಿ ಹೊರಡುವ ಮೊದಲು ಎಣ್ಣೆ, ನೀರು, ಟೈರಿನ ಗಾಳಿ, ಬ್ರೇಕು, ದೀಪ ನೋಡುವುದಕ್ಕೆ ಸೇನೆಯ ಚಾಲಕರು ಫಸ್ಟ್ ಪರೇಡ್ ಎನ್ನುತ್ತಾರೆ. ದಾರಿಯಲ್ಲಿ ನಿಲ್ಲಿಸಿದಾಗ ಒಮ್ಮೆ, ಸಂಜೆ ಬಂದು ನಿಲ್ಲಿಸಿದ ಮೇಲೆ ಮತ್ತೊಮ್ಮೆ ನೋಡುವ ಕ್ರಮವೂ ಇದೆ. ನಮ್ಮ ಮಾಜಿ ಸೈನಿಕ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲೇಹ್ ದಾರಿಯಲ್ಲಿ ಗಾಡಿ ಕೆಟ್ಟರೆ ಏನಾಗುತ್ತದೆಂದು ಕಂಡವರು ಬೆಂಗಳೂರು ಹೆದ್ದಾರಿಗೂ ಅದೇ ಜಾಗ್ರತೆಯಿಂದ ಇಳಿಯುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿದೆ. ಕೆಟ್ಟ ಸುದ್ದಿಯನ್ನು ಅವರು ಬಚ್ಚಿಡುವುದಿಲ್ಲ, ಹೊತ್ತಿಗೆ ಮುಂಚೆ ತಂದು ಮುಂದಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಭಾರಿ ನೀರು ಬಿಟ್ಟು, ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆ ಮುಳುಗಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಹೊರಹರಿವು ಹೆಚ್ಚಿಸುವ ಸುದ್ದಿ ಬಂದ ದಿನವೇ, ನಮ್ಮ ಸಾರಿಗೆ ನೋಡುವ ನಿವೃತ್ತ ಸುಬೇದಾರರು ಒಂದು ಹಾಳೆ ಹಿಡಿದು ನನ್ನ ಮೇಜಿನ ಬಳಿ ಬಂದರು. ಮೈಸೂರಿನ ಕಡೆಯಿಂದ ಬರುವವರು ಯಾರು, ನಂಜನಗೂಡಿನ ಕಡೆ ಉಳಿದವರು ಯಾರು, ಮನೆಯಲ್ಲಿ ಎಳೆಗೂಸು, ಹಾಸಿಗೆ ಹಿಡಿದ ಹಿರಿಯರು ಇರುವವರು ಯಾರು, ಜನರೇಟರಿಗೆ ಡೀಸೆಲ್ ಎಷ್ಟಿದೆ, ಕ್ಯಾಂಟೀನಿನಲ್ಲಿ ಅಕ್ಕಿ ಬೇಳೆ ಎಷ್ಟಿದೆ, ಎಲ್ಲವೂ ಅದರಲ್ಲಿತ್ತು. “ಮೇಡಂ, ಮೈಸೂರಿನವರನ್ನು ಮಧ್ಯಾಹ್ನವೇ ಕಳಿಸಬೇಕು. ಡೀಸೆಲ್ ಇಂದೇ ತರಿಸಬೇಕು. ಈ ಕಡೆಯವರಲ್ಲಿ ಒಪ್ಪಿದವರಿಂದ ಮಾತ್ರ ಒಂದು ಯಂತ್ರ ನಡೆಸೋಣ. ನಿಮ್ಮ ಅನುಮತಿ ಬೇಕು” ಎಂದರು. ಅನುಮತಿ ಕೊಟ್ಟೆ. ರಸ್ತೆ ಮುಳುಗಿದಾಗ ನಮ್ಮವರು ಯಾರೂ ನೀರಿನ ಈಚೆ ಸಿಕ್ಕಿಕೊಂಡು ಮನೆಯವರನ್ನು ನೆನೆದು ಕಣ್ಣೀರಿಡಬೇಕಾಗಲಿಲ್ಲ.

ನೀರಿಳಿದ ಮೇಲೆ ಅವರು ಮಾಡಿದ ಕೆಲಸದಿಂದ ನಾನು ಇನ್ನೂ ಹೆಚ್ಚು ಕಲಿತೆ. ಎಲ್ಲ ವಿಭಾಗದವರನ್ನೂ ಕೂರಿಸಿ, ಏನಾಯಿತು, ಎಲ್ಲಿ ತಡವಾಯಿತು, ಮುಂದಿನ ಸಲ ಏನು ಬದಲಿಸಬೇಕು ಎಂದು ಕೇಳಿದರು. ಯಾರನ್ನೂ ದೂರಲಿಲ್ಲ, ಯಾರನ್ನೂ ಹೊಗಳಲೂ ಇಲ್ಲ. ಅಷ್ಟು ನಿರಾಳವಾದ ಸಭೆಯನ್ನು ನಮ್ಮ ಕಾರ್ಖಾನೆ ಅದಕ್ಕೆ ಮೊದಲು ಕಂಡಿರಲಿಲ್ಲ. ಯಂತ್ರ ಕೆಟ್ಟಾಗಲೂ ಈಗ ನಾವು ಹಾಗೇ ಕೂರುತ್ತೇವೆ.

ಅವರು ಹೇಳಿದ್ದಷ್ಟನ್ನೇ ಮಾಡುತ್ತಾರೆ, ಸ್ವಂತ ಯೋಚನೆ ಕಡಿಮೆ ಎಂಬ ಮಾತನ್ನು ಆಗಾಗ ಕೇಳುತ್ತೇನೆ. ನನ್ನ ಅನುಭವ ಇದಕ್ಕೆ ವಿರುದ್ಧ. ಪಾಳಿ ಮೇಲ್ವಿಚಾರಕರಾಗಿ ಸೇರಿದ, ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿದ್ದ ಒಬ್ಬರಿಗೆ ಕೆಲವು ಹೆಣ್ಣುಮಕ್ಕಳು ದಿನವೂ ಹತ್ತು ನಿಮಿಷ ತಡವಾಗಿ ಬರುವುದು ಕಣ್ಣಿಗೆ ಬಿತ್ತು. ಗದರುವ ಬದಲು ಅವರು ವಾರವಿಡೀ ಬಸ್ ನಿಲ್ದಾಣದಲ್ಲಿ ನಿಂತು ಹಳ್ಳಿಗಳ ಬಸ್ಸುಗಳು ಬರುವ ವೇಳೆ ಬರೆದುಕೊಂಡರು. ಪಾಳಿಯನ್ನು ಕಾಲು ಗಂಟೆ ಮುಂದೂಡಿದರೆ ಸಾಕು ಎಂದು ನನಗೆ ತೋರಿಸಿಕೊಟ್ಟರು. ಕಾಲು ಗಂಟೆ ಮುಂದೂಡಿದೆವು, ತಡವಾಗುವುದು ನಿಂತಿತು.

ಸಂದರ್ಶನದಲ್ಲಿ ಮಾತ್ರ ಅವರು ಹಿಂದೆ ಬೀಳುತ್ತಾರೆ. ತಮ್ಮ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುವುದು ಅವರಿಗೆ ಒಗ್ಗಿ ಬಂದಿಲ್ಲ. “ಸ್ಟೋರ್ ನೋಡಿಕೊಳ್ಳುತ್ತಿದ್ದೆ ಮೇಡಂ” ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾವೇ ಕೆದಕಬೇಕು. ಎಷ್ಟು ಜನರಿಗೆ ಪಡಿತರ? ಎಲ್ಲಿ? ದಾರಿ ಮುಚ್ಚಿದರೆ ಏನು ಮಾಡುತ್ತಿದ್ದಿರಿ? ಆಗ ಮಾತು ಹೊರಬರುತ್ತದೆ. ಅವರ ಡಿಸ್ಚಾರ್ಜ್ ಪುಸ್ತಕವನ್ನು ತೆರೆದು ನೋಡಬೇಕು. ಯಾವ ವಿಭಾಗ, ಯಾವ ಟ್ರೇಡ್, ಯಾವ ಯಾವ ತರಬೇತಿ ಎಂಬುದು ಅದರಲ್ಲಿದೆ. ಕಂಪ್ಯೂಟರಿನಲ್ಲಿ ನಾವು ಬಳಸುವ ತಂತ್ರಾಂಶ ಅವರಿಗೆ ಹೊಸದಿರಬಹುದು. ಅದನ್ನು ಕಲಿಸುವುದು ನಮ್ಮ ಪಾಲಿನ ಕೆಲಸ, ಅವರು ಬೇಗ ಕಲಿಯುತ್ತಾರೆ.

ಒಂದು ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ, ಹೇಳಿಯೇಬಿಡುತ್ತೇನೆ. “ಪಿಂಚಣಿ ಬರುತ್ತದಲ್ಲ, ಸಂಬಳ ಕಡಿಮೆ ಕೊಟ್ಟರೂ ನಡೆಯುತ್ತದೆ” ಎನ್ನುವ ಮಾಲೀಕರಿದ್ದಾರೆ. ಪಿಂಚಣಿ ಅವರು ಆಗಲೇ ದುಡಿದು ಸಂಪಾದಿಸಿದ್ದು. ನಮ್ಮ ಸ್ಟೋರ್ಸಿನ ಕೆಲಸಕ್ಕೂ ಅದಕ್ಕೂ ಏನು ಸಂಬಂಧ? ಆ ಹುದ್ದೆಗೆ ಬೇರೆಯವರು ಬಂದಿದ್ದರೆ ಎಷ್ಟು ಕೊಡುತ್ತಿದ್ದೆವೋ ಅಷ್ಟನ್ನು ಅವರಿಗೂ ಕೊಡಬೇಕು.

ಇನ್ನು ಟೆರಿಟೋರಿಯಲ್ ಆರ್ಮಿಯವರು. ಧೋನಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟದ್ದು ಇದೇ ಸೇನೆ ಎಂದರೆ ಎಲ್ಲರಿಗೂ ತಟ್ಟನೆ ಹೊಳೆಯುತ್ತದೆ. 1948ರ ಕಾಯ್ದೆಯಂತೆ ಹುಟ್ಟಿ, 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ ಉದ್ಘಾಟನೆಯಾದ ಪಡೆ ಇದು. ಬೇರೆ ಉದ್ಯೋಗದಲ್ಲಿದ್ದುಕೊಂಡೇ ವರ್ಷದಲ್ಲಿ ಒಂದಷ್ಟು ಕಾಲ ತರಬೇತಿಗೆ, ಕರೆ ಬಂದರೆ ಸೇವೆಗೆ ಹೋಗುತ್ತಾರೆ. ಸೇವೆಗೆ ಕರೆ ಬಂದು ಹೋದವರನ್ನು ಮರಳಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆಯನ್ನು ಆ ಕಾಯ್ದೆಯ 7ಎ ಕಲಂ ಮಾಲೀಕರ ಮೇಲೆ ಹೊರಿಸಿದೆ. ನಮ್ಮ ನಿರ್ವಹಣಾ ವಿಭಾಗದಲ್ಲಿ ಅಂಥ ಒಬ್ಬ ಯುವಕ ಇದ್ದಾರೆ. ಅವರು ತರಬೇತಿಗೆ ಹೋದಾಗ ಕೆಲಸ ನಿಲ್ಲುತ್ತದೆಂದು ಮೊದಲು ಗೊಣಗಾಟವಿತ್ತು. ಹೊರಡುವ ಮುಂಚೆ ಅವರು ಪ್ರತಿ ಯಂತ್ರದ ಕೆಲಸವನ್ನೂ ಇನ್ನೊಬ್ಬರಿಗೆ ಕಲಿಸಿಯೇ ಹೋಗುತ್ತಾರೆ. ಹಾಗಾಗಿ ಈಗ ಆ ವಿಭಾಗದಲ್ಲಿ ಯಾರು ರಜೆ ಹಾಕಿದರೂ ಕೆಲಸ ಸಾಗುತ್ತದೆ.

ಮೈಸೂರು, ಮಂಡ್ಯದ ಕಾರ್ಖಾನೆಗಳವರು ಈಗಲೇ ಅಗ್ನಿವೀರರ ಕಡೆಗೂ ನೋಡಬೇಕು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಘೋಷಣೆಯಾದಂತೆ ಶೇ. 25ರವರೆಗೆ ಸೇನೆ ಉಳಿಸಿಕೊಳ್ಳುತ್ತದೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಪಡೆದು, ಪಿಂಚಣಿಯಿಲ್ಲದೆ ಹೊರಬರುತ್ತಾರೆ. ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಯ ಸುಮಾರಿಗೆ. ಇಪ್ಪತ್ತರ ಹರೆಯದ ಇವರಲ್ಲಿ ಸುಬೇದಾರರ ಪಕ್ವತೆಯನ್ನು ಹುಡುಕಿ ನಿರಾಶರಾಗಬೇಡಿ. ಅವರಿಗೆ ಕೈಗೆ ಒಂದು ಕಸುಬು ಬೇಕು, ಅದನ್ನು ಕಲಿಸುವವರು ಬೇಕು. ನಮ್ಮ ಸ್ಟೋರ್ಸಿನ ಹವಾಲ್ದಾರರ ಕೈಕೆಳಗೆ ಇಬ್ಬರನ್ನು ಹಾಕಬೇಕೆಂದು ನಾನು ಆಡಳಿತವನ್ನು ಕೇಳಿದ್ದೇನೆ.

ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನಿಮ್ಮಲ್ಲಿ ಖಾಲಿಯಿರುವ ಹುದ್ದೆಗಳನ್ನು ಬರೆದು ಕಳಿಸಿ. ‘ಮಾಜಿ ಸೈನಿಕರು ಬೇಕಾಗಿದ್ದಾರೆ’ ಎಂದಷ್ಟೇ ಬರೆಯಬೇಡಿ. ಯಾವ ಯಂತ್ರ, ಯಾವ ಪಾಳಿ, ಎಷ್ಟು ಜನರ ಮೇಲ್ವಿಚಾರಣೆ, ಎಷ್ಟು ಸಂಬಳ ಎಂಬುದೆಲ್ಲ ಇರಲಿ. ಸಂದರ್ಶನಕ್ಕೆ ಬಂದವರನ್ನು ಕಚೇರಿಯ ಕುರ್ಚಿಯಿಂದಲೇ ಕಳಿಸಿಬಿಡದೆ ಒಳಗೆ ಯಂತ್ರಗಳ ಬಳಿಗೆ ಕರೆದೊಯ್ದು ತೋರಿಸಿ, ಅಲ್ಲಿ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.