ಹೊಳೆ ದಾಟುವ ದಾರಿಗೆ ಹೊರಡುವ ಮುನ್ನ: ಗಾಡಿಗೆ ಸ್ನಾರ್ಕೆಲ್ ಕೂರಿಸುವ ಕೆಲಸ

ಸ್ನಾರ್ಕೆಲ್ ಎಂದರೆ ಎಂಜಿನ್‌ಗೆ ಬೇಕಾದ ಗಾಳಿಯನ್ನು ಗಾಡಿಯ ಚಾವಣಿಯ ಎತ್ತರದಿಂದ ತರುವ ಕೊಳವೆ. ಅದನ್ನು ಹಾಕಿದ ಮೇಲೆ ಎಷ್ಟು ಆಳದ ನೀರಿಗೆ ಇಳಿಯಬಹುದು? ಫೋರ್ಸ್ ಗೂರ್ಖಾಗೆ ಕಾರ್ಖಾನೆಯಲ್ಲೇ ಸ್ನಾರ್ಕೆಲ್ ಕೂರಿಸಿರುತ್ತಾರೆ, ಆದರೂ ಕಂಪನಿ ಹೇಳುವ ಆಳ 700 ಮಿ.ಮೀ. ಅಷ್ಟೇ. ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಸ್ನಾರ್ಕೆಲ್ ಇಲ್ಲದೆಯೇ 900 ಮಿ.ಮೀ. ನೀರು ದಾಟುತ್ತದೆ. ಬ್ರೀದರ್ (ಗೇರ್‌ಬಾಕ್ಸ್, ಆಕ್ಸಲ್‌ಗಳು ಉಸಿರಾಡುವ ಗಾಳಿದಾರಿ), ವೈರಿಂಗ್, ಡೋರ್ ಸೀಲ್ ಎಲ್ಲ ಸೇರಿ ಆಳ ನಿರ್ಧಾರವಾಗುತ್ತದೆ. ಸ್ನಾರ್ಕೆಲ್ ಮಾಡುವುದು ಒಂದೇ ಕೆಲಸ: ಎಂಜಿನ್ ನೀರು ಕುಡಿಯದಂತೆ ನೋಡಿಕೊಳ್ಳುವುದು.

ಅದೇನೂ ಸಣ್ಣ ಕೆಲಸವಲ್ಲ. 500 ಸಿಸಿಯ ಒಂದು ಸಿಲಿಂಡರ್, 16:1 ಕಂಪ್ರೆಷನ್ (ಒಳಗಿನ ಗಾಳಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಒತ್ತುವುದು) ಎಂದುಕೊಳ್ಳಿ. ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಯಾಕೆಂದರೆ ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ.

ಪ್ರಯಾಣಕ್ಕೆ ಎರಡು ವಾರ ಮೊದಲೇ ಕೆಲಸ ಮುಗಿಸಿ. ಹಿಂದಿನ ದಿನ ಕೂರಿಸಿ ಹೊರಟರೆ ಸೋರಿಕೆ ಗೊತ್ತಾಗುವುದು ನೀರಿನ ನಡುವೆಯೇ.

ಮೊದಲು ಚಕ್ರದ ಮೇಲಿನ ಒಳ ಲೈನರ್ ಬಿಚ್ಚಿ. ಪ್ಲಾಸ್ಟಿಕ್ ಕ್ಲಿಪ್‌ಗಳು ಒಂದೆರಡಾದರೂ ಮುರಿಯುತ್ತವೆ, ಹತ್ತು ಹೊಸವನ್ನು ಕೈಯಲ್ಲಿಟ್ಟುಕೊಳ್ಳಿ. ಕಿಟ್‌ನ ಕಾಗದದ ಟೆಂಪ್ಲೇಟನ್ನು ಫೆಂಡರ್‌ಗೆ ಅಂಟಿಸಿದ ಮೇಲೂ ಅದನ್ನೇ ನಂಬಬೇಡಿ. ಸ್ನಾರ್ಕೆಲನ್ನು ಜಾಗದಲ್ಲಿ ಹಿಡಿದು ಬಾನೆಟ್ ಮತ್ತು ಬಾಗಿಲು ಪೂರ್ತಿ ತೆರೆಯುತ್ತವೆಯೇ ನೋಡಿ. ತೂತು ಬೀಳುವ ಜಾಗದ ಹಿಂದೆ ವೈರಿಂಗ್ ಅಥವಾ ಎಸಿ ಪೈಪ್ ಹಾದುಹೋಗಿದ್ದರೆ ಪಕ್ಕಕ್ಕೆ ಸರಿಸಿ ಕಟ್ಟಿ. ಸೆಂಟರ್ ಪಂಚ್‌ನಿಂದ ಗುರುತು ಮಾಡಿ, 3 ಮಿ.ಮೀ. ಡ್ರಿಲ್ ಬಿಟ್‌ನಿಂದ ಮೊದಲ ತೂತು ಹಾಕಿ, ಆಮೇಲೆ ಕಿಟ್ ಹೇಳಿದ ಅಳತೆಯ ಹೋಲ್ ಸಾ ಹಿಡಿಯಿರಿ. ವೇಗ ಕಡಿಮೆ ಇರಲಿ. ಜೋರಾಗಿ ತಿರುಗಿಸಿದರೆ ಅಂಚಿನ ಪೇಂಟ್ ಸುಟ್ಟು ಏಳುತ್ತದೆ. ಅಂಚನ್ನು ಅರದಿಂದ ಉಜ್ಜಿ, ಕಬ್ಬಿಣದ ಚೂರನ್ನೆಲ್ಲ ಆಯಸ್ಕಾಂತದಿಂದ ತೆಗೆದು, ಜಿಂಕ್ ಪ್ರೈಮರ್, ಅದರ ಮೇಲೆ ಪೇಂಟ್ ಎರಡು ಸಲ. ಅವಸರದಲ್ಲಿ ಬಿಟ್ಟುಬಿಡುವುದು ಈ ಹಂತವನ್ನೇ, ಫೆಂಡರ್ ತುಕ್ಕು ಹಿಡಿಯುವುದೂ ಅಲ್ಲಿಂದಲೇ.

ಸ್ನಾರ್ಕೆಲ್ ಒಳಗಿನ ಹಿತ್ತಾಳೆ ಇನ್ಸರ್ಟ್‌ಗಳು ಪ್ಲಾಸ್ಟಿಕ್‌ನಲ್ಲಿ ಹುದುಗಿರುತ್ತವೆ. ಸ್ಟಡ್‌ಗೆ ಥ್ರೆಡ್ ಲಾಕರ್ ಹಚ್ಚಿ, ನಟ್ಟನ್ನು ಸಣ್ಣ ಸ್ಪ್ಯಾನರ್‌ನಲ್ಲಿ ಹದವಾಗಿ ಬಿಗಿ ಮಾಡಿ. ಬಲ ಹೆಚ್ಚಾದರೆ ಇನ್ಸರ್ಟ್ ಸುತ್ತತೊಡಗುತ್ತದೆ, ಆಮೇಲೆ ಅದನ್ನು ಸರಿಮಾಡುವುದು ಬಹಳ ಕಷ್ಟ. ಎ-ಪಿಲ್ಲರ್‌ಗೆ (ಮುಂಗಾಜಿನ ಪಕ್ಕದ ಕಂಬ) ಬ್ರಾಕೆಟ್ ಹಾಕುವಾಗ ಇನ್ನೂ ಜಾಗ್ರತೆ ಬೇಕು: ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಒಳಗಿನ ಟ್ರಿಮ್ ಬಿಚ್ಚಿ ನೋಡದೆ ಡ್ರಿಲ್ ಮುಟ್ಟಬೇಡಿ. ಬಿಟ್‌ಗೆ ಟೇಪ್ ಸುತ್ತಿ ಆಳದ ಮಿತಿ ಗುರುತಿಸಿಕೊಳ್ಳಿ.

ಈಗ ನಿಜವಾದ ಕೆಲಸ. ಏರ್ ಫಿಲ್ಟರ್ ಕೂರುವ ಪೆಟ್ಟಿಗೆಯ, ಅಂದರೆ ಏರ್ ಬಾಕ್ಸ್‌ನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತೋ ರಬ್ಬರ್ ವಾಲ್ವೋ ಇರುತ್ತದೆ. ಅದು ಹಾಗೇ ಉಳಿದರೆ ಮೇಲೆ ಎಷ್ಟೆತ್ತರದ ಕೊಳವೆ ಇದ್ದರೂ ದಂಡ, ಎಂಜಿನ್ ಕೆಳಗಿನಿಂದ ನೀರು ಎಳೆಯುತ್ತದೆ. ಅದನ್ನೂ, ಹಳೆಯ ಗಾಳಿದಾರಿಯ ಉಳಿದ ಬಾಯಿಗಳನ್ನೂ ಮುಚ್ಚಿ. ಮೊದಲೇ ಬಿರುಕು ಬಿಟ್ಟ ಏರ್ ಬಾಕ್ಸ್ ಆದರೆ ಬದಲಿಸುವುದೇ ಸರಿ. ಹೋಸ್ ಎರಡೂ ತುದಿಯಲ್ಲಿ ಕ್ಲಾಂಪ್ ಹಾಕಿ, ಮತ್ತೆ ಬಿಚ್ಚಬೇಕಿಲ್ಲದ ಜೋಡಣೆಗಳಿಗೆ ಮಾತ್ರ ಸಿಲಿಕೋನ್ ಹಚ್ಚಿ 24 ಗಂಟೆ ಒಣಗಲು ಬಿಡಿ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರಲಿ, ಸ್ನಾರ್ಕೆಲ್ ತಲೆ ತೆಗೆದು ಬಾಯಿಗೆ ದಪ್ಪ ರಬ್ಬರ್ ಹಾಳೆ ಒತ್ತಿಹಿಡಿಯಿರಿ. ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಬೇರೆಲ್ಲಿಂದಲೋ ಗಾಳಿ ಬರುತ್ತಿದೆ ಎಂದರ್ಥ. ನಂತರ ಧೂಳಿನ ರಸ್ತೆಯಲ್ಲಿ ನೂರಿನ್ನೂರು ಕಿ.ಮೀ. ಓಡಿಸಿ ಫಿಲ್ಟರ್ ತೆಗೆಯಿರಿ. ಎಂಜಿನ್ ಕಡೆಯ ಬದಿಯಲ್ಲಿ ಧೂಳು ಕಂಡರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರಾಚೆಯ ಜೋಡಣೆ ಸೋರುತ್ತಿದೆ.

ಡಿಫರೆನ್ಶಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಜೋಡಣೆ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರನ್ನೂ ಇದೇ ಸಮಯದಲ್ಲಿ ಮೇಲಕ್ಕೆ ಎಳೆಸಿ. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್‌ಗಳ ಮೂಲಕ ನೀರೆಳೆದುಕೊಳ್ಳುತ್ತದೆ. ಬಾನೆಟ್ ಒಳಗೆ ಎತ್ತರಕ್ಕೆ ಹೋಸ್ ಒಯ್ದು ಕಟ್ಟಿ, ನಡುವೆ ಎಲ್ಲೂ ಜೋಲು ಬೀಳದಿರಲಿ.

ದಾರಿಯಲ್ಲಿ, ಧೂಳೆಬ್ಬಿಸುವ ಗಾಡಿಯ ಹಿಂದೆ ಹೋಗುವಾಗ ಸ್ನಾರ್ಕೆಲ್ ತಲೆಯನ್ನು ಹಿಂದಕ್ಕೆ ತಿರುಗಿಸಿ. ಹೊಳೆ ಸಿಕ್ಕಾಗ ಮೊದಲು ಕೋಲು ಹಿಡಿದು ನಡೆದು ನೋಡಿ. ಸೆಳೆತಕ್ಕೆ ಕಾಲು ನಿಲ್ಲದ ಕಡೆ ಗಾಡಿಯೂ ಬೇಡ. ಗಾಡಿ ಕೆಲವು ನಿಮಿಷ ತಣಿಯಲಿ. ಲೋ ರೇಂಜ್ (ಫೋರ್ ವೀಲ್ ಡ್ರೈವ್‌ನ ನಿಧಾನ, ಹೆಚ್ಚು ಬಲದ ಸ್ಥಿತಿ), ಒಂದು ಅಥವಾ ಎರಡನೇ ಗೇರ್, ನಡಿಗೆಯ ವೇಗ, ಮುಂದೆ ಏಳುವ ಅಲೆ ಗಾಡಿಯ ಜೊತೆಗೇ ಸಾಗಬೇಕು. ನೀರಲ್ಲಿ ಕ್ಲಚ್ ಒತ್ತಬೇಡಿ, ಗೇರ್ ಬದಲಿಸಬೇಡಿ. ನಡುವೆ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಲೇಬೇಡಿ. ವಿಂಚ್‌ನಿಂದ ಎಳೆಸಿ, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಒದ್ದೆಯಿದ್ದರೆ ಗ್ಲೋ ಪ್ಲಗ್ ಬಿಚ್ಚಿ, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲಷ್ಟೇ ಮುಂದಿನ ಮಾತು.

ಸಂಜೆ ತಂಗಿದ ಕಡೆ ಕ್ಲಾಂಪ್‌ಗಳನ್ನು ಒಮ್ಮೆ ಬಿಗಿ ಮಾಡಿ, ಕುಲುಕಾಟಕ್ಕೆ ಸಡಿಲವಾಗುತ್ತವೆ. ಡಿಫರೆನ್ಶಿಯಲ್ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಮರುದಿನ ಅದರಲ್ಲೇ ಓಡಿಸಬೇಡಿ; ಎರಡೂ ಆಕ್ಸಲ್‌ಗೆ ಒಮ್ಮೆ ಬದಲಿಸುವಷ್ಟು ಗೇರ್ ಆಯಿಲ್ ಮತ್ತು ಒಂದು ಹೊಸ ಏರ್ ಫಿಲ್ಟರ್ ಗಾಡಿಯಲ್ಲಿರಲಿ.